ಪ್ರಸ್ತಾಪಿತ ರೈಲು ನಿಲ್ದಾಣ ಮತ್ತು ವರ್ತಕರ ಲೆಕ್ಕಾಚಾರ

ಧಾರವಾಡ ಜಿಲ್ಲೆಯ ಕುಂದಗೋಳ ಮತ್ತು ಅಣ್ಣಿಗೇರಿ ಪಟ್ಟಣಗಳಿಗೆ ರೈಲು ನಿಲ್ದಾಣವಿದೆ. ನವಲಗುಂದ ಮತ್ತು ಕಲಘಟಗಿಗಳಿಗೆ ಇಲ್ಲ. ಕಲಘಟಗಿಯ ಮೂಲಕ ಸಾಗಬೇಕಾದ, ಸುಮಾರು 165 ಕಿ.ಮೀ. ಉದ್ದದ ಹುಬ್ಬಳ್ಳಿ-ಅಂಕೋಲಾ ಮಾರ್ಗವು 1996-97ರಲ್ಲಿಯೇ ಮಂಜೂರಾಯಿತು. ಹುಬ್ಬಳ್ಳಿಯಿಂದ ಕಿರವತ್ತಿಯವರೆಗಿನ 47 ಕಿ.ಮೀ. ಭಾಗದಲ್ಲಿ ಕೆಲಮಟ್ಟಿಗೆ ಮಣ್ಣಿನ ಕೆಲಸವೂ ನಡೆಯಿತು. ಆದರೆ ಮುಂದಿನ ಮಾರ್ಗವು ಪಶ್ಚಿಮ ಘಟ್ಟದ ಅರಣ್ಯವನ್ನು ಸೀಳಿ ಹೋಗಬೇಕಾದುದರಿಂದ ಅನುಮತಿಯ ಪ್ರಶ್ನೆ ಎದುರಾಯಿತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಅನುಕೂಲಕರ ಶಿಫಾರಸು ಮಾಡಿತಾದರೂ ಅದೇ ವರ್ಷ ಉಚ್ಚ ನ್ಯಾಯಾಲಯವು ತಡೆ ನೀಡಿತು. ಮಂಜೂರಾತಿಯಿಂದ ಕಾಲು ಶತಮಾನ ಕಳೆದರೂ ಕಲಘಟಗಿಗೆ ರೈಲು ಬಂದಿಲ್ಲ.

ಯೋಜನೆಯು ಸರಿಯೋ ತಪ್ಪೋ ಎಂಬ ಚರ್ಚೆ ಈ ಲೇಖನದ ಉದ್ದೇಶವಲ್ಲ. ನಿಲ್ದಾಣದ ಪ್ರಸ್ತಾಪ ಬಂದಾಗ ವರ್ತಕನು ತನ್ನ ಬಂಡವಾಳವನ್ನು ತೊಡಗಿಸುವ ಮುನ್ನ ಮಾಡಿಕೊಳ್ಳಬೇಕಾದ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ.

1. ಯಾವ ಬಗೆಯ ನಿಲ್ದಾಣ?

ನಿಲ್ದಾಣವೆಂದರೆಲ್ಲವೂ ಒಂದೇ ಅಲ್ಲ. 'ಹಾಲ್ಟ್' ಎಂಬುದು ಪ್ರಯಾಣಿಕರು ಹತ್ತಿ ಇಳಿಯುವ ತಾಣ ಮಾತ್ರ. ಅನೇಕ ಕಡೆ ಕಮಿಷನ್ ಏಜೆಂಟರೇ ಅಲ್ಲಿ ಟಿಕೆಟ್ ಮಾರುತ್ತಾರೆ. ಸರಕು ಸಾಗಣೆಗೆ ಸುಮಾರು 700 ಮೀಟರ್ ಉದ್ದದ ಲೂಪ್ ಹಳಿ, ಗೂಡ್ಸ್ ಶೆಡ್ ಹಾಗೂ ಲಾರಿಗಳು ಬಂದು ತಿರುಗುವ ರಸ್ತೆ ಬೇಕು. ಮುಚ್ಚಿದ ವ್ಯಾಗನ್‌ಗಳ ಒಂದು ಪೂರ್ಣ ರೇಕ್ ಸುಮಾರು 2,500 ಟನ್, ಅರ್ಥಾತ್ 50 ಕಿಲೋಗ್ರಾಮಿನ 50,000 ಚೀಲಗಳನ್ನು ಒಯ್ಯುತ್ತದೆ. 20 ವ್ಯಾಗನ್‌ಗಳ ಮಿನಿ ರೇಕ್ ಸೌಲಭ್ಯವಿದ್ದರೂ ಒಬ್ಬ ಸಣ್ಣ ವರ್ತಕನಿಗೆ ಅದೂ ದೊಡ್ಡದೇ. ಆದ್ದರಿಂದ ಗೋವಿನಜೋಳ, ಹತ್ತಿ, ಕಡಲೆ ವರ್ತಕರು ಒಟ್ಟುಗೂಡಿ ಸರಕು ಒದಗಿಸಬಲ್ಲರೇ ಎಂಬುದು ಮೊದಲ ಪ್ರಶ್ನೆ. ಗೂಡ್ಸ್ ಶೆಡ್‌ನ ಬೇಡಿಕೆಯನ್ನು ವಿವರವಾದ ಯೋಜನಾ ವರದಿ ಸಿದ್ಧವಾಗುವ ಹಂತದಲ್ಲಿಯೇ ಅಂಕಿ-ಅಂಶ ಸಹಿತ ಸಲ್ಲಿಸತಕ್ಕದ್ದು. ಹಳಿ ಬಿದ್ದ ನಂತರ ಅದು ಕಷ್ಟಸಾಧ್ಯ.

2. ಉಳಿತಾಯ ಎಷ್ಟು?

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಕಲಘಟಗಿಯಿಂದ ದೂರದ ಮಾರುಕಟ್ಟೆಗೆ ಲಾರಿ ಬಾಡಿಗೆ ಕ್ವಿಂಟಲಿಗೆ 200 ರೂ. ಎಂದಿರಲಿ. ಹುಬ್ಬಳ್ಳಿಯಿಂದ ರೈಲು ಬಾಡಿಗೆ 120, ಹುಬ್ಬಳ್ಳಿಯವರೆಗಿನ ಸಾಗಣೆ 45, ಎರಡೂ ಕಡೆಯ ಹಮಾಲಿ 25, ತಲುಪುವ ಊರಿನ ಸಾಗಣೆ 30, ಒಟ್ಟು 220 ರೂ. ಇಲ್ಲಿ ಲಾರಿಯೇ ಲಾಭಕರ. ಕಲಘಟಗಿಯಲ್ಲಿಯೇ ಗೂಡ್ಸ್ ಶೆಡ್ ಆಗಿ, ರೈಲು ಬಾಡಿಗೆ ಬದಲಾಗದೆ, 45 ರೂಪಾಯಿ 20ಕ್ಕೆ ಇಳಿದರೆ ರೈಲಿನ ವೆಚ್ಚ 195 ರೂ. ಆಗುತ್ತದೆ. ಉಳಿತಾಯ ಕ್ವಿಂಟಲಿಗೆ ಕೇವಲ 5 ರೂ.

ಇದರಿಂದ ತಿಳಿಯುವುದೇನೆಂದರೆ, ಹೊಸ ನಿಲ್ದಾಣವು ಉಳಿಸುವುದು ಹುಬ್ಬಳ್ಳಿಯವರೆಗಿನ ಸಾಗಣೆ ವೆಚ್ಚದ ಒಂದು ಪಾಲನ್ನು ಮಾತ್ರ. ನಿಲ್ದಾಣದ ನಿಜವಾದ ಬೆಲೆ ಹಳಿಯು ಎಲ್ಲಿಗೆ ಮುಟ್ಟುತ್ತದೆ ಎಂಬುದರಲ್ಲಿದೆ. ಮಾರ್ಗವು ಕಿರವತ್ತಿಯಲ್ಲಿ ನಿಂತರೆ ಒಂದು ಲೆಕ್ಕ; ಕರಾವಳಿಯನ್ನು ತಲುಪಿದರೆ ಇನ್ನೊಂದು ಲೆಕ್ಕ. ಚಿಲ್ಲರೆ ವರ್ತಕರು ಮತ್ತೊಂದು ಸಂಗತಿಯನ್ನು ಮರೆಯಬಾರದು: ಅಗ್ಗದ ರೈಲು ಹಳ್ಳಿಯ ಗಿರಾಕಿಯನ್ನು ನಿಮ್ಮ ಅಂಗಡಿಗೆ ತರುವಂತೆಯೇ ನಿಮ್ಮ ಗಿರಾಕಿಯನ್ನು ಹುಬ್ಬಳ್ಳಿಯ ಪೇಟೆಗೂ ಒಯ್ಯುತ್ತದೆ.

3. ಕಾಯುವ ಹಣದ ಬೆಲೆ

ನಿಲ್ದಾಣ ಬರುವುದೆಂಬ ಸುದ್ದಿಯನ್ನು ನಂಬಿ ಜಮೀನು ಕೊಳ್ಳುವವರಿಗೆ ಈ ಲೆಕ್ಕ ಮುಖ್ಯ. 10 ಲಕ್ಷ ರೂ. ಶೇ. 10ರ ಚಕ್ರಬಡ್ಡಿಯಲ್ಲಿ 10 ವರ್ಷಕ್ಕೆ ಸುಮಾರು 26 ಲಕ್ಷ, 20 ವರ್ಷಕ್ಕೆ 67 ಲಕ್ಷ ರೂ. ಆಗುತ್ತದೆ. 20 ವರ್ಷದ ಬಳಿಕ ಆ ಜಮೀನು 50 ಲಕ್ಷಕ್ಕೆ ಮಾರಿದರೆ ನಾಲ್ಕು ಪಟ್ಟು ಲಾಭವೆಂದು ತೋರಿದರೂ ವಾಸ್ತವದಲ್ಲಿ ಅದು ನಷ್ಟವೇ. ಮೇಲಾಗಿ, ವ್ಯವಹಾರಕ್ಕೆಂದು ಸಾಲ ಮಾಡಿ ಕೊಂಡ ಆಸ್ತಿಯನ್ನು ಬಳಕೆಗೆ ತರುವವರೆಗಿನ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ಕಳೆಯಲು ಅವಕಾಶವಿಲ್ಲ. ಜಮೀನಿನ ಮೇಲೆ ಸವಕಳಿಯೂ ದೊರೆಯದು.

4. ಘೋಷಣೆಯನ್ನು ಅಳೆಯುವ ಬಗೆ

ಸಮೀಕ್ಷೆ, ಯೋಜನಾ ವರದಿ, ಮಂಜೂರಾತಿ, ಭೂಸ್ವಾಧೀನ, ಟೆಂಡರ್ ಇವೆಲ್ಲ ಬೇರೆ ಬೇರೆ ಹಂತಗಳು. ಪ್ರತಿ ವರ್ಷ ಬಜೆಟ್ಟಿನೊಂದಿಗೆ ಹೊರಬರುವ ರೈಲ್ವೆಯ 'ಪಿಂಕ್ ಬುಕ್'ನಲ್ಲಿ ವಲಯವಾರು ಕಾಮಗಾರಿಗಳಿಗೆ ಹಂಚಿದ ಹಣದ ವಿವರ ಇರುತ್ತದೆ. ನಮಗೆ ಸಂಬಂಧಿಸಿದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿಯೇ ಇದೆ. ಯೋಜನೆಯ ಹೆಸರಿನ ಮುಂದೆ ನಾಮಮಾತ್ರದ ಮೊತ್ತವಿದ್ದರೆ ಆ ವರ್ಷ ಹೇಳಿಕೊಳ್ಳುವಂಥ ಕೆಲಸವಾಗದೆಂದೇ ತಿಳಿಯಬೇಕು. ಅರಣ್ಯ ಅನುಮತಿ ಮತ್ತು ಭೂಸ್ವಾಧೀನ ಮುಗಿದಿವೆಯೇ ಎಂಬುದನ್ನೂ ವಿಚಾರಿಸತಕ್ಕದ್ದು. 2020-21ರಲ್ಲಿ ಮಂಜೂರಾದ 73 ಕಿ.ಮೀ. ಉದ್ದದ ಧಾರವಾಡ-ಕಿತ್ತೂರು-ಬೆಳಗಾವಿ ಮಾರ್ಗಕ್ಕೂ ಇದೇ ಒರೆಗಲ್ಲು ಅನ್ವಯಿಸುತ್ತದೆ.

ಒಟ್ಟಿನಲ್ಲಿ, ನಿಲ್ದಾಣಕ್ಕಾಗಿ ಬೇಡಿಕೆ ಸಲ್ಲಿಸುವುದು ಸಂಘಟನೆಯ ಕರ್ತವ್ಯ. ಅದರ ನಿರೀಕ್ಷೆಯ ಮೇಲೆ ಸಾಲ ಮಾಡದಿರುವುದು ವರ್ತಕನ ವಿವೇಕ. ರೈಲು ಬಾರದಿದ್ದರೂ ಲಾಭದಲ್ಲಿ ನಡೆಯಬಲ್ಲ ಉದ್ಯಮಕ್ಕೆ ಮಾತ್ರ ರೈಲು ಬಂದಾಗ ಹೆಚ್ಚಿನ ಲಾಭ ದೊರೆಯುತ್ತದೆ ಎಂಬುದನ್ನು ಸದಸ್ಯ ಬಾಂಧವರು ನೆನಪಿನಲ್ಲಿಡುವುದು ಒಳಿತು.