ಉಳಿದ ಹಣ ಪಾರ್ಕಿಗೆ: ಮೊದಲು ಕೇಳಿ, ಆಮೇಲೆ ಕೊಳ್ಳಿ

ಬಡಾವಣೆಯ ರಾಜ್ಯೋತ್ಸವವೋ ಆಹಾರ ಮೇಳವೋ ಮುಗಿದ ಮೇಲೆ ಮಳಿಗೆ ಬಾಡಿಗೆ, ದೇಣಿಗೆ ಎಲ್ಲ ಸೇರಿ ಒಂದಿಷ್ಟು ಹಣ ಉಳಿದಿದೆಯೇ? ಅದನ್ನು ಪಾರ್ಕಿಗೆ ಬಳಸುವುದು ಒಳ್ಳೆಯ ಯೋಚನೆ. ಆದರೆ ನಿವಾಸಿಗಳ ಸಂಘದ ನಾಲ್ವರು ಪದಾಧಿಕಾರಿಗಳೇ ಕೂತು ತೀರ್ಮಾನಿಸಿಬಿಡಬೇಡಿ.

ಮೊದಲು ಜಮಾ-ಖರ್ಚಿನ ಪಟ್ಟಿಯನ್ನು ಪಾರ್ಕಿನ ಗೇಟಿನಲ್ಲೇ ಅಂಟಿಸಿ. ಬೆಳಗ್ಗೆ ವಾಕಿಂಗ್ ಬರುವ ಹಿರಿಯರು, ಸಂಜೆ ಮಕ್ಕಳನ್ನು ಕರೆತರುವ ತಾಯಂದಿರು, ಗಿಡಕ್ಕೆ ನೀರು ಹಾಕುವ ಮಾಲಿ, ಎಲ್ಲರನ್ನೂ ಕೇಳಿ. ಮಕ್ಕಳನ್ನೂ ಮರೆಯಬೇಡಿ. ನಿಮ್ಮ ಮನಸ್ಸಿನಲ್ಲಿ ಕಾರಂಜಿ ಇರಬಹುದು. ಆದರೆ ಪಾರ್ಕಿಗೆ ಬರುವವರಿಗೆ ಬೇಕಾದದ್ದು ಶೌಚಾಲಯ, ದೀಪ, ಮುರಿಯದ ಜಾರುಬಂಡಿ ಆಗಿರಬಹುದು.

ಪಾರ್ಕು ಸಂಘದ ಆಸ್ತಿಯಲ್ಲ, ಸಾರ್ವಜನಿಕರದು. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಹಾಗಾಗಿ ಪಾಲಿಕೆಯ ಲಿಖಿತ ಅನುಮತಿಯಿಲ್ಲದೆ ಒಂದು ಕಲ್ಲುಬೆಂಚನ್ನೂ ಹಾಕಬೇಡಿ. ಪಾಲಿಕೆಯೇ ಮಾಡಬೇಕಾದ ರಿಪೇರಿಗೆ ನಿಮ್ಮ ಹಣ ಸುರಿಯುವ ಬದಲು ವಾರ್ಡ್ ಸಮಿತಿಯಲ್ಲಿ ದನಿಯೆತ್ತಿ.

ಇದ್ದದ್ದನ್ನೆಲ್ಲ ಒಮ್ಮೆಲೇ ಖಾಲಿ ಮಾಡದೆ ನಿರ್ವಹಣೆಗೂ ಒಂದು ಪಾಲು ತೆಗೆದಿಡಿ. ಕೆಲಸ ಮುಗಿದ ಮೇಲೆ ಬಿಲ್ಲುಗಳನ್ನೂ ಅದೇ ಗೇಟಿನಲ್ಲಿ ಹಾಕಿ. ಲೆಕ್ಕ ಕಣ್ಣೆದುರಿಗಿದ್ದರೆ ಮುಂದಿನ ವರ್ಷ ದೇಣಿಗೆ ಕೇಳಲು ಸಂಕೋಚಪಡಬೇಕಿಲ್ಲ.