ಕಾರಿಗೆ ಮೊದಲು ಪ್ಲಗ್ ಹುಡುಕಿ

ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದಿರುವವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ‘ಟಾಟಾ ಒಳ್ಳೇದಾ, ಮಹೀಂದ್ರಾನಾ, ಎಂಜಿನಾ?’ ನಾನು ತಿರುಗಿ ಕೇಳುವುದೂ ಒಂದೇ: ‘ರಾತ್ರಿ ಕಾರು ಎಲ್ಲಿ ನಿಲ್ಲಿಸ್ತೀರಿ?’ ‘ಕಾಂಪೌಂಡಿನ ಒಳಗೆ’ ಅಂದರೆ ಮಾತು ಮುಂದುವರಿಯುತ್ತದೆ. ‘ರಸ್ತೆ ಬದಿ’ ಅಂದರೆ, ಯಾವ ಬ್ರ್ಯಾಂಡ್ ಆದರೂ ಸ್ವಲ್ಪ ತಾಳಿ ಎನ್ನುತ್ತೇನೆ.

ಬೆಂಗಳೂರಿಗೆ ಎಲೆಕ್ಟ್ರಿಕ್ ಕಾರು ಹೊಸದೇನಲ್ಲ. ಇಲ್ಲೇ ತಯಾರಾದ ರೇವಾ 2001ರಲ್ಲೇ ಬೀದಿಗಿಳಿದಿತ್ತು. ಲೆಡ್ ಆ್ಯಸಿಡ್ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಟ. ರಸ್ತೆಯಲ್ಲಿ ಚಾರ್ಜರ್ ಎಂಬ ಮಾತೇ ಇಲ್ಲದ ಕಾಲ ಅದು. ಮನೆಯ ಪ್ಲಗ್ಗೇ ಗತಿ. ಬ್ಯಾಟರಿ ಈಗ ಎಷ್ಟೋ ಪಟ್ಟು ದೊಡ್ಡದಾಗಿದೆ. ಮನೆಯ ಪ್ಲಗ್ಗಿನ ಬೆಲೆ ಮಾತ್ರ ಇಳಿದಿಲ್ಲ.

ಮೊದಲ ಹೆಜ್ಜೆ: ಎಲೆಕ್ಟ್ರಿಷಿಯನ್ನನ್ನು ಕರೆಸಿ

ಷೋರೂಮಿಗೆ ಹೋಗುವ ಮುನ್ನ ಈ ಕೆಲಸ ಮುಗಿಸಿ. ಕಾರಿನ ಜೊತೆ ಬರುವ ಸಾಮಾನ್ಯ ಚಾರ್ಜರ್‌ಗೆ ಗೀಸರ್ ಹಾಕುವಂಥ 15 ಆಂಪಿಯರ್ ಸಾಕೆಟ್ ಸಾಕು. ಆದರೆ ಗೀಸರ್ ಓಡುವುದು ಅರ್ಧ ಗಂಟೆ, ಕಾರು ಎಳೆಯುವುದು ರಾತ್ರಿಯಿಡೀ. ಹಳೆಯ ಮನೆಯ ವೈರು ಅದನ್ನು ತಾಳುವುದಿಲ್ಲ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನು, ಅದಕ್ಕೊಂದು ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ. ಹೊಸ ಕಾರು ಮನೆಗೆ ಬಂದ ರಾತ್ರಿ ಕೆಂಪು ದೀಪ ಮಿನುಗಿದ್ದಕ್ಕೆ ಕಂಪನಿಯನ್ನು ಬೈದವರನ್ನು ನಾನು ಕಂಡಿದ್ದೇನೆ. ತಪ್ಪು ಗೋಡೆಯಲ್ಲಿತ್ತು.

ಈ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ಕಾರಿಗೆ ಸೇರುತ್ತದೆ. ರಾತ್ರಿ 9 ಗಂಟೆ ಕಾಲ ಹಾಕಿದರೆ 27 ಯೂನಿಟ್, ಅಂದರೆ 160 ಕಿ.ಮೀ. ಆಸುಪಾಸಿನ ಓಟ. ದಿನಕ್ಕೆ 40 ಕಿ.ಮೀ. ಓಡಿಸುವವರಿಗೆ ಇದೇ ಧಾರಾಳ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಚಾರ್ಜರ್ ಬೇಕೆಂದರೆ ಬೆಸ್ಕಾಂ, ಸೆಸ್ಕ್, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ನಿಮ್ಮೂರಿಗೆ ಯಾವುದೋ ಅಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕಾಗಬಹುದು.

ನಮ್ಮ ರಾಜ್ಯದವರು ಮರೆಯುವ ಲೆಕ್ಕ ಒಂದಿದೆ: ಗೃಹಜ್ಯೋತಿಯ ಉಚಿತ ಕರೆಂಟ್. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಮನೆಗೆ 80 ಯೂನಿಟ್ ಆಗುತ್ತಿತ್ತು ಎನ್ನಿ. ಕಾರು 1,000 ಕಿ.ಮೀ. ಓಡಿದರೆ ಮೇಲೆ ಸುಮಾರು 170 ಯೂನಿಟ್ ಬೀಳುತ್ತದೆ. ಒಟ್ಟು 250. ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ 1,500 ರೂಪಾಯಿ ಮೀರಿದ ಬಿಲ್ ಬರುತ್ತದೆ. ಪೆಟ್ರೋಲ್ ಖರ್ಚಿನ ಮುಂದೆ ಇದೇನೂ ಅಲ್ಲ, ಆದರೆ ‘ಕರೆಂಟ್ ಫ್ರೀ, ಕಾರೂ ಫ್ರೀ’ ಎಂಬ ಕನಸಿದ್ದರೆ ಇಲ್ಲೇ ಬಿಟ್ಟುಬಿಡಿ. ಕಾರಿಗೆಂದೇ ಪ್ರತ್ಯೇಕ ಮೀಟರ್ ಪಡೆಯಬಹುದೇ ಎಂದು ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ ಪತ್ರ ಮೊದಲು ಕೈಗೆ ಬರಲಿ. ಬಾಯಿಮಾತಿಗೆ ಬುಕಿಂಗ್ ಮಾಡಬೇಡಿ.

ಎರಡನೆಯದು: ಕಿಲೋಮೀಟರ್ ಲೆಕ್ಕ

ಊರೊಳಗೆ ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರ್ 103 ರೂಪಾಯಿ ಎಂದು ಹಿಡಿದರೆ, ಕಿಲೋಮೀಟರಿಗೆ 7 ರೂಪಾಯಿ ಹತ್ತಿರ ಬರುತ್ತದೆ. ಎಲೆಕ್ಟ್ರಿಕ್ ಕಾರು ಮನೆಯ ಒಂದು ಯೂನಿಟ್‌ಗೆ 6 ಕಿ.ಮೀ. ಓಡುತ್ತದೆ, ಯೂನಿಟ್ 6 ರೂಪಾಯಿ ಎಂದರೆ ಕಿಲೋಮೀಟರಿಗೆ 1 ರೂಪಾಯಿ. ಉಳಿತಾಯ 6 ರೂಪಾಯಿ.

ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಎಲೆಕ್ಟ್ರಿಕ್ ಕಾರು 3 ಲಕ್ಷ ದುಬಾರಿ ಎಂದಿಟ್ಟುಕೊಳ್ಳಿ. ಆ ಹಣ ಹಿಂದಿರುಗಲು 50,000 ಕಿ.ಮೀ. ಓಡಬೇಕು. ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ಮೂರು ವರ್ಷದೊಳಗೆ ಕೈ ಸೇರುತ್ತದೆ. 500 ಕಿ.ಮೀ. ಓಡಿಸುವವರಿಗೆ ಎಂಟು ವರ್ಷ ಮೀರುತ್ತದೆ. ಭಾನುವಾರ ದೇವಸ್ಥಾನಕ್ಕೆ, ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುವ ಕಾರಿಗೆ ಈ ಗಣಿತ ಒಗ್ಗುವುದಿಲ್ಲ. ಹೊಗೆ ಬೇಡ, ಸದ್ದು ಬೇಡ ಎಂದು ಕೊಳ್ಳುವುದಾದರೆ ಕೊಳ್ಳಿ, ಅದೂ ಒಳ್ಳೆಯ ಕಾರಣವೇ. ಉಳಿತಾಯದ ಹೆಸರು ಮಾತ್ರ ಹೇಳಬೇಡಿ.

ಮನೆಯಲ್ಲಿ ಪ್ಲಗ್ ಇಲ್ಲದೆ ಬರೀ ಹೊರಗಿನ ಫಾಸ್ಟ್ ಚಾರ್ಜರ್ ನಂಬಿದರೆ ಯೂನಿಟ್‌ಗೆ 20 ರೂಪಾಯಿ ಆಸುಪಾಸು ಕೊಡಬೇಕಾಗುತ್ತದೆ. ಕಿಲೋಮೀಟರಿಗೆ ಮೂರೂವರೆ ರೂಪಾಯಿ ಹತ್ತಿರ. ಉಳಿತಾಯ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಕಾಯುವ ಕೆಲಸ ಬೇರೆ. ರಸ್ತೆ ಬದಿ ನಿಲ್ಲಿಸುವವರಿಗೆ ತಾಳಿ ಎಂದದ್ದು ಇದಕ್ಕೇ.

ಮೂರನೆಯದು: ಕಾಗದದ ರೇಂಜ್, ರಸ್ತೆಯ ರೇಂಜ್

ಜಾಹೀರಾತಿನ ಕಿ.ಮೀ. ಲ್ಯಾಬಿನದು. ನನ್ನ ಅಂದಾಜಿನಲ್ಲಿ ಅದರ ಮುಕ್ಕಾಲು ಪಾಲನ್ನಷ್ಟೇ ನಂಬಬೇಕು, ಹೆದ್ದಾರಿಯ ವೇಗಕ್ಕೆ ಇನ್ನೂ ಸ್ವಲ್ಪ ಕಳೆಯಬೇಕು. ಇದನ್ನು ಕಂಪನಿಯೇ ಒಪ್ಪಿಕೊಂಡ ಉದಾಹರಣೆಯೂ ಇದೆ. 45 ಯೂನಿಟ್ ಬ್ಯಾಟರಿಯ ನೆಕ್ಸಾನ್‌ಗೆ ಪರೀಕ್ಷೆಯ ರೇಂಜ್ 489 ಕಿ.ಮೀ. ಎಂದು ಹೇಳುವ ಟಾಟಾ, ನಿಜ ಬಳಕೆಯಲ್ಲಿ 350ರಿಂದ 370 ಎಂದು ತಾನೇ ಹೇಳುತ್ತದೆ. ಉಳಿದವರ ಅಂಕಿಯನ್ನೂ ಇದೇ ತಕ್ಕಡಿಯಲ್ಲಿಟ್ಟು ತೂಗಿ. 

ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬರಲು ಇಷ್ಟು ಸಾಕು. ಮಂಗಳೂರು ಸುಮಾರು 350 ಕಿ.ಮೀ.; ನಡುವೆ ಒಮ್ಮೆ ನಿಲ್ಲಲೇಬೇಕು. ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿಗೆ ಒಂದಿಷ್ಟು ವಾಪಸ್ ಬರುತ್ತದೆ, ಹತ್ತುವಾಗ ಬಡ್ಡಿ ಸಮೇತ ಹೋಗುತ್ತದೆ. ಕರಾವಳಿಯಿಂದ ಹೊರಡುವಾಗ ಬ್ಯಾಟರಿ ತುಂಬಿರಲಿ. ದಾರಿಯಲ್ಲಿ ಒಂದೇ ಚಾರ್ಜರ್ ನಂಬಿ ಹೊರಡಬೇಡಿ. ಹಾಸನದ ಆಚೆ ಒಂದು ಚಾರ್ಜರ್ ಆ್ಯಪ್‌ನಲ್ಲಿ ‘ಲಭ್ಯ’ ಎಂದಿತ್ತು. ಹೋಗಿ ನೋಡಿದರೆ ಅದಕ್ಕೆ ಗೋಣಿಚೀಲ ಹೊದಿಸಿದ್ದರು.

ಈಗ ಬ್ರ್ಯಾಂಡ್

ನಿಮ್ಮೂರಲ್ಲಿ ಸರ್ವಿಸ್ ಇದೆಯೇ ಎಂಬುದನ್ನು ಮೊದಲು ನೋಡಿ. ಷೋರೂಮ್ ಇದ್ದ ಮಾತ್ರಕ್ಕೆ ಹೈ ವೋಲ್ಟೇಜ್ ಬ್ಯಾಟರಿ ಬಿಚ್ಚಬಲ್ಲ ಮೆಕ್ಯಾನಿಕ್ ಇರುತ್ತಾನೆಂದು ತಿಳಿಯಬೇಡಿ. ಸೇಲ್ಸ್‌ನವರನ್ನು ಕೇಳಬೇಡಿ; ನೇರವಾಗಿ ವರ್ಕ್‌ಷಾಪಿಗೆ ಹೋಗಿ, ಅಲ್ಲಿ ಕಾರು ಬಿಟ್ಟು ಕಾಯುತ್ತಿರುವ ಇಬ್ಬರನ್ನು ಮಾತಾಡಿಸಿ. ಬಿಡಿಭಾಗಕ್ಕೆ ಎಷ್ಟು ದಿನ ಕಾದಿರಿ ಎಂದು ಕೇಳಿ. ನಾಲ್ಕು ಯೂಟ್ಯೂಬ್ ವಿಡಿಯೊ ಕೊಡದ ಮಾಹಿತಿ ಆ ಹತ್ತು ನಿಮಿಷದಲ್ಲಿ ಸಿಗುತ್ತದೆ. ಟಾಟಾ ಇಷ್ಟು ವರ್ಷದಿಂದ ಹೆಚ್ಚು ಮಾರಿರುವುದರಿಂದ ಜಿಲ್ಲಾ ಕೇಂದ್ರಗಳಲ್ಲಿ ಅದನ್ನು ಬಲ್ಲ ಕೈಗಳೂ ಹೆಚ್ಚು, ದೂರುಗಳೂ ಹೆಚ್ಚು ಕಿವಿಗೆ ಬೀಳುತ್ತವೆ. ಬಿವೈಡಿ, ವಿನ್‌ಫಾಸ್ಟ್, ಟೆಸ್ಲಾ ಬೇಕೆನ್ನುವ ಗದಗ, ರಾಯಚೂರಿನವರು ಸರ್ವಿಸ್‌ಗೆ ಎಷ್ಟು ದೂರ ಹೋಗಬೇಕೆಂದು ಮೊದಲು ಅಳೆದುಕೊಳ್ಳಲಿ.

ಎರಡನೆಯದು ಬ್ಯಾಟರಿ ವಾರಂಟಿ. 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಎಂಬುದು ಸಾಮಾನ್ಯ. ಕೆಲವು ಮಾದರಿಗಳಿಗೆ ಟಾಟಾ, ಮಹೀಂದ್ರಾ, ಎಂಜಿ ‘ಜೀವಿತಾವಧಿ’ ವಾರಂಟಿಯನ್ನೂ ಘೋಷಿಸಿವೆ. ಅಲ್ಲಿ ಓದಬೇಕಾದ್ದು ಸಣ್ಣ ಅಕ್ಷರ: ಮೊದಲ ಮಾಲೀಕರಿಗೆ ಮಾತ್ರ. ಐದು ವರ್ಷಕ್ಕೆ ಮಾರುವ ಯೋಚನೆಯಿದ್ದರೆ, ನಿಮ್ಮಿಂದ ಕೊಳ್ಳುವವರಿಗೆ ಏನು ಉಳಿಯುತ್ತದೆ ಎಂಬುದೇ ನಿಮ್ಮ ಕಾರಿನ ಮರುಮಾರಾಟದ ಬೆಲೆ.

ಚಾರ್ಜಿಂಗ್ ವೇಗದ ಅಂಕಿಗೆ ಮರುಳಾಗಬೇಡಿ. ಮಹೀಂದ್ರಾ ಬಿಇ 6ರ 79 ಯೂನಿಟ್ ಬ್ಯಾಟರಿ 20 ನಿಮಿಷದಲ್ಲಿ ಶೇ 20ರಿಂದ 80ಕ್ಕೆ ಏರುವುದು 175 ಕಿಲೋವ್ಯಾಟ್ ಚಾರ್ಜರ್ ಸಿಕ್ಕಾಗ. ನಿಮ್ಮ ದಾರಿಯಲ್ಲಿರುವುದು 60 ಕಿಲೋವ್ಯಾಟಿನದಾದರೆ ಅದೇ ಕೆಲಸಕ್ಕೆ ಮುಕ್ಕಾಲು ಗಂಟೆ ದಾಟುತ್ತದೆ.

ಬ್ಯಾಟರಿ ಬಾಡಿಗೆ ಯೋಜನೆಯನ್ನೂ ಬಿಡಿಸಿ ನೋಡಿ. ಎಂಜಿ ವಿಂಡ್ಸರ್ 2024ರ ಸೆಪ್ಟೆಂಬರಿನಲ್ಲಿ ಬಂದಾಗ ಬ್ಯಾಟರಿ ಸಹಿತ 13.5 ಲಕ್ಷ, ಬ್ಯಾಟರಿ ಬಿಟ್ಟು 9.99 ಲಕ್ಷ, ಮೇಲೆ ಕಿಲೋಮೀಟರಿಗೆ 3.5 ರೂಪಾಯಿ ಎಂದಿತ್ತು. 1 ಲಕ್ಷ ಕಿ.ಮೀ. ಓಡಿಸಿದರೆ ಆ ಮೂರೂವರೆ ಲಕ್ಷ ನೀವು ಕಟ್ಟಿ ಮುಗಿಸಿರುತ್ತೀರಿ. ಕಡಿಮೆ ಓಡಿಸುವವರಿಗೆ ಲಾಭ ಎನಿಸಬಹುದು, ಆದರೆ ‘ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ.’ ಎಂಬ ಷರತ್ತು ಇದ್ದರೆ ಆ ಲಾಭವೂ ಇಲ್ಲ.

ಟೆಸ್ಟ್ ಡ್ರೈವಿಗೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿ. ಬ್ಯಾಟರಿ ತಳದಲ್ಲಿರುವುದರಿಂದ ಕೆಲವು ಕಾರುಗಳಲ್ಲಿ ಕಾಲಿಡುವ ಜಾಗ ಎತ್ತರವಾಗಿ, ಮೊಣಕಾಲು ಮೇಲೇಳುತ್ತದೆ. ಅಮ್ಮನಿಗೆ ಎರಡು ಗಂಟೆ ಹಾಗೆ ಕೂರಲಾಗದಿದ್ದರೆ ಯಾವ ರೇಂಜ್ ಕಟ್ಟಿಕೊಂಡು ಏನು? ಡಿಕ್ಕಿ ತೆರೆದು ಸ್ಟೆಪ್ನಿ ಇದೆಯೇ ನೋಡಿ. ಕೆಲವು ಕಾರುಗಳಲ್ಲಿ ಪಂಕ್ಚರ್ ಕಿಟ್ ಅಷ್ಟೇ ಇರುತ್ತದೆ. ಭಾರತ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯ ಸ್ಟಾರ್‌ಗಳನ್ನು ಅಂತರ್ಜಾಲದಲ್ಲಿ ನೋಡಿಕೊಳ್ಳಬಹುದು.

ಯಾವಾಗ ಕೊಳ್ಳಬೇಕು?

ಕಾದರೆ ಬೆಲೆ ಇಳಿಯುತ್ತದೆ ಎಂಬುದು ಸುಳ್ಳಲ್ಲ. 2024ರ ಫೆಬ್ರವರಿಯಲ್ಲಿ ಟಾಟಾ ನೆಕ್ಸಾನ್ ಎಲೆಕ್ಟ್ರಿಕ್ ಬೆಲೆಯನ್ನು 1.2 ಲಕ್ಷದವರೆಗೆ ಇಳಿಸಿತು. ಜನವರಿಯಲ್ಲಿ ಕೊಂಡವರು ಕೈ ಕೈ ಹಿಸುಕಿಕೊಂಡರು. ಅದೇ ವರ್ಷ ಹಬ್ಬದ ಹೊತ್ತಿಗೆ ಇನ್ನೂ ದೊಡ್ಡ ರಿಯಾಯಿತಿ ಬಂತು. ಆದರೆ ಇನ್ನೊಂದು ಕಡೆಯ ಲಾಭಗಳು ಕರಗುತ್ತಲೂ ಇವೆ. ಸಾಲದ ಬಡ್ಡಿಗೆ ಸಿಗುತ್ತಿದ್ದ 1.5 ಲಕ್ಷದ ಆದಾಯ ತೆರಿಗೆ ವಿನಾಯಿತಿ 2023ರ ಮಾರ್ಚ್‌ವರೆಗೆ ಮಂಜೂರಾದ ಸಾಲಗಳಿಗಷ್ಟೇ. ಕರ್ನಾಟಕ 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10 ರಸ್ತೆ ತೆರಿಗೆ ಹಾಕಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್‌ನದು ಶೇ 5ರಲ್ಲೇ ನಿಂತಿದೆ. ಹಾಗಾಗಿ ಎರಡರ ನಡುವಿನ ಅಂತರವನ್ನು ಹಳೆಯ ಬೆಲೆಪಟ್ಟಿಯಲ್ಲಿ ಲೆಕ್ಕ ಹಾಕಬೇಡಿ. ಆನ್‌ರೋಡ್ ಬೆಲೆಯ ಕೊಟೇಶನ್ ಎರಡಕ್ಕೂ ಒಂದೇ ವಾರ ತರಿಸಿಕೊಳ್ಳಿ.

ನನ್ನ ತೀರ್ಪು ಇಷ್ಟು: ಕಾಂಪೌಂಡಿನಲ್ಲಿ ಪ್ಲಗ್, ತಿಂಗಳಿಗೆ 1,000 ಕಿ.ಮೀ. ಮೀರಿದ ಓಟ, ಒಂದು ಗಂಟೆ ದೂರದಲ್ಲಿ ಸರ್ವಿಸ್, ಈ ಮೂರೂ ಇದ್ದರೆ ಕಾಯಬೇಡಿ. ಕಾಯುವ ತಿಂಗಳುಗಳಲ್ಲಿ ಸುಡುವ ಪೆಟ್ರೋಲ್ ಕೂಡ ದುಡ್ಡೇ. ಮೂರರಲ್ಲಿ ಪ್ಲಗ್ ಇಲ್ಲವೆಂದರೆ ಕಾಯಿರಿ. ಓಟ ಕಡಿಮೆ ಎಂದರೆ ಇರುವ ಕಾರನ್ನೇ ಇನ್ನೆರಡು ವರ್ಷ ಓಡಿಸಿ. ಡಿಸೆಂಬರಿನಲ್ಲಿ ಕೊಂಡರೆ ರಿಯಾಯಿತಿ ಹೆಚ್ಚು ಸಿಗುತ್ತದೆ, ಆದರೆ ಕೆಲವೇ ವಾರಗಳಲ್ಲಿ ಕಾರು ‘ಹೋದ ವರ್ಷದ್ದು’ ಆಗುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ಲಾಭ, ಬೇಗ ಮಾರುವವರಿಗೆ ನಷ್ಟ.

ಡೆಲಿವರಿಯ ದಿನ ಚಕ್ರಕ್ಕೆ ನಿಂಬೆಹಣ್ಣು ಇಡುವ ಮುನ್ನ ಎರಡು ಕೆಲಸ ಮಾಡಿ. ಕಾರು ತಯಾರಾದ ತಿಂಗಳು ಯಾವುದೆಂದು ನೋಡಿಕೊಳ್ಳಿ. ಡಿಕ್ಕಿಯಲ್ಲಿರುವ ಚಾರ್ಜರ್ ತೆಗೆದು, ಷೋರೂಮಿನ ಸಾಕೆಟ್ಟಿಗೆ ಹಾಕಿಸಿ, ಹಸಿರು ದೀಪ ಬಂದ ಮೇಲಷ್ಟೇ ಸಹಿ ಮಾಡಿ.