ಬರಗಾಲವೂ ಸಾಗರವೂ

ಮಳೆ ಬಾರದಿದ್ದರೆ ಬರ ಎಂಬುದು ರೂಢಿಯ ಮಾತು. ಆದರೆ ಎಷ್ಟು ಮಳೆ ಬಾರದಿದ್ದರೆ ಬರ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಸಹ್ಯಾದ್ರಿಯ ಮಳೆಯ ನೆರಳಿನಲ್ಲಿರುವ ಚಳ್ಳಕೆರೆಯ ಸೀಮೆಯಲ್ಲಿ 500 ಮಿ.ಮೀ. ಬಿದ್ದರೂ ಅದು ಒಳ್ಳೆಯ ವರ್ಷವೇ. ಆದುದರಿಂದ ಯಾವುದೇ ಸ್ಥಳದ ಬರವನ್ನು ಅಲ್ಲಿನ ವಾಡಿಕೆಯ ಮಳೆಗೆ ಹೋಲಿಸಿಯೇ ಅಳೆಯಬೇಕು.

ಬರದಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ವಾಡಿಕೆಗಿಂತ ಮಳೆ ಬಹಳವಾಗಿ ಕುಗ್ಗಿದರೆ ಅದು ಹವಾಮಾನದ ಬರ. ಭಾರತದ ಹವಾಮಾನ ಇಲಾಖೆಯ ಗಣನೆಯಂತೆ ಕೊರತೆಯು ನೂರಕ್ಕೆ 26ರಿಂದ 50ರವರೆಗೆ ಇದ್ದರೆ ಸಾಧಾರಣ ಬರ. ಅದನ್ನು ಮೀರಿದರೆ ತೀವ್ರ ಬರ. ಮಣ್ಣಿನ ತೇವ ಆರಿ ಪೈರು ಬಾಡಿದರೆ ಅದು ಕೃಷಿಯ ಬರ. ಹೊಳೆ, ಕೆರೆ, ಜಲಾಶಯ, ಅಂತರ್ಜಲಗಳು ಬತ್ತಿದರೆ ಅದು ಜಲದ ಬರ. ಈ ಮೂರೂ ಒಟ್ಟಿಗೆ ಬರಬೇಕೆಂದಿಲ್ಲ. ವರ್ಷದ ಒಟ್ಟು ಮಳೆ ಸರಿಯಾಗಿದ್ದರೂ ರಾಗಿ ತೆನೆ ಕಟ್ಟುವ ಹೊತ್ತಿಗೆ ಕೆಲವು ವಾರ ಮಳೆ ಕೈಕೊಟ್ಟರೆ ಬೆಳೆ ನಷ್ಟವಾಗುತ್ತದೆ. ಮರುವರ್ಷ ಚೆನ್ನಾಗಿ ಮಳೆಯಾದರೂ ಕೊಳವೆಬಾವಿಗಳು ಬರಿದಾಗಿಯೇ ಉಳಿಯಬಹುದು.

ಮಳೆ ತಪ್ಪಲು ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು, ನಮ್ಮ ನಾಡಿನಿಂದ ಬಹುದೂರದ ಪೆಸಿಫಿಕ್ ಮಹಾಸಾಗರದಲ್ಲಿದೆ. ಅಲ್ಲಿ ಸಮಭಾಜಕ ವೃತ್ತದ ಬಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳು ಮೇಲಿನ ಬೆಚ್ಚನೆಯ ನೀರನ್ನು ಇಂಡೊನೇಷ್ಯದ ಕಡೆಗೆ ತಳ್ಳುತ್ತವೆ. ಇತ್ತ ಪೆರು ದೇಶದ ತೀರದಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ಎರಡರಿಂದ ಏಳು ವರ್ಷಗಳಿಗೊಮ್ಮೆ ಈ ಮಾರುತಗಳು ಕುಗ್ಗಿ, ಬೆಚ್ಚನೆಯ ನೀರು ಪೂರ್ವಕ್ಕೆ ಸರಿಯುತ್ತದೆ. ಕ್ರಿಸ್ತಜಯಂತಿಯ ಸುಮಾರಿಗೆ ಕಾಣಿಸುತ್ತಿದ್ದ ಬೆಚ್ಚನೆಯ ಪ್ರವಾಹವನ್ನು ಪೆರುವಿನ ಬೆಸ್ತರು ‘ಎಲ್ ನಿನೋ’, ಎಂದರೆ ಬಾಲಯೇಸು, ಎಂದು ಕರೆದರು. ಬೆಚ್ಚನೆಯ ನೀರಿನ ಮೇಲೆ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಆ ನೀರು ದೂರ ಸರಿದಾಗ ಇಂಡೊನೇಷ್ಯ, ಭಾರತಗಳ ಮೇಲೆ ಗಾಳಿ ಕೆಳಗಿಳಿಯತೊಡಗುತ್ತದೆ, ಮುಂಗಾರು ಸೊರಗುತ್ತದೆ. ಇದಕ್ಕೆ ಪ್ರತಿಯಾಗಿ ಪೂರ್ವ ಪೆಸಿಫಿಕ್ ವಾಡಿಕೆಗಿಂತ ತಣ್ಣಗಾಗುವ ಸ್ಥಿತಿಯೇ ‘ಲಾ ನಿನಾ’. ಆಗ ನಮ್ಮಲ್ಲಿ ಸಾಮಾನ್ಯವಾಗಿ ಒಳ್ಳೆಯ ಮಳೆಯಾಗುತ್ತದೆ.

1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಅವರು ಮುಂಗಾರನ್ನು ಮುಂದಾಗಿ ತಿಳಿಯುವ ಯತ್ನದಲ್ಲಿ ತೊಡಗಿದರು. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ವಾಯುವಿನ ಒತ್ತಡವು ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಅವರು ಗುರುತಿಸಿದರು. ಈ ಏರಿಳಿತಕ್ಕೂ ಎಲ್ ನಿನೋವಿಗೂ ಇರುವ ನಂಟನ್ನು 1969ರಲ್ಲಿ ಜೇಕಬ್ ಬ್ಯರ್ಕ್‌ನೆಸ್ ಅವರು ವಿವರಿಸಿದರು.

ಆದರೆ ಎಲ್ ನಿನೋ ಬಂದಾಗಲೆಲ್ಲ ಬರ ಬರುವುದಿಲ್ಲ. 1997ರ ಎಲ್ ನಿನೋ ಅತಿ ಪ್ರಬಲವಾಗಿತ್ತು. ಆದರೂ ಭಾರತದ ಮುಂಗಾರು ವಾಡಿಕೆಯಂತೆಯೇ ಇತ್ತು. 2002ರದು ಅದಕ್ಕಿಂತ ಸೌಮ್ಯ. ಆದರೆ ಆ ವರ್ಷ ದೇಶದ ಮುಂಗಾರು ಮಳೆ ನೂರಕ್ಕೆ 19ರಷ್ಟು ಕಡಿಮೆಯಾಯಿತು. ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಏರುಪೇರಿದೆ. 1997ರಲ್ಲಿ ಅದರ ಪಶ್ಚಿಮ ಭಾಗ ಬೆಚ್ಚಗಾಗಿ ಪೂರ್ವ ಭಾಗ ತಂಪಾಗಿದ್ದುದು ಮುಂಗಾರಿಗೆ ಆಸರೆಯಾಯಿತೆಂದು ವಿಜ್ಞಾನಿಗಳು ಹೇಳುತ್ತಾರೆ.

ಮಳೆ ತಪ್ಪಿದ ಮೇಲೆ ಬರವು ಕ್ಷಾಮವಾಗುವುದು ಬೇರೆಯೇ ಮಾತು. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಕ್ಷಾಮದ ಹಿಂದೆಯೂ ಪ್ರಬಲವಾದ ಎಲ್ ನಿನೋ ಇತ್ತು. ಆಗ ಮೈಸೂರು ಸಂಸ್ಥಾನವು ತನ್ನ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲನ್ನು ಕಳೆದುಕೊಂಡಿತು. ಧಾನ್ಯದ ಬೆಲೆ ಬಡವರ ಕೈಗೆ ಎಟುಕಲಿಲ್ಲ. ಅದೇ ಕಾಲದಲ್ಲಿ ಭಾರತದ ಬಂದರುಗಳಿಂದ ಹೊರದೇಶಗಳಿಗೆ ಧಾನ್ಯದ ರಫ್ತು ಮಾತ್ರ ನಿಲ್ಲಲಿಲ್ಲ. 2023ರಲ್ಲಿ ಮತ್ತೆ ಎಲ್ ನಿನೋ ಬಂದಿತು. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ರೈತರ ನಷ್ಟ ಅಪಾರ. ಮರುವರ್ಷದ ಬೇಸಗೆಯಲ್ಲಿ ಬೆಂಗಳೂರಿನಲ್ಲಿಯೂ ಕೊಳವೆಬಾವಿಗಳು ಬತ್ತಿದವು. ಆದರೆ ಧಾನ್ಯದ ದಾಸ್ತಾನೂ ಪಡಿತರದ ಏರ್ಪಾಡೂ ಇದ್ದುದರಿಂದ ಧಾತು, ಈಶ್ವರ ಸಂವತ್ಸರಗಳ ಕ್ಷಾಮ ಮರುಕಳಿಸಲಿಲ್ಲ.

ಸಾಗರದ ಕಾವನ್ನು ಬದಲಿಸುವುದು ರೈತನಿಗಾಗಲಿ ಸರಕಾರಕ್ಕಾಗಲಿ ಸಾಧ್ಯವಿಲ್ಲ. ಆದರೆ ಆ ಕಾವಿನ ಸುಳಿವು ಇಂದು ಕೆಲವು ತಿಂಗಳು ಮುಂಚೆಯೇ ದೊರೆಯುತ್ತದೆ. ಕೆರೆಯ ಹೂಳೆತ್ತಲು, ಮೇವು ಕೂಡಿಡಲು, ಕಡಿಮೆ ನೀರಿನ ಬೆಳೆಯನ್ನು ಆರಿಸಲು ಆ ತಿಂಗಳುಗಳು ಬಳಕೆಯಾದರೆ, ಬರ ಬಂದರೂ ಅದರ ಹಿಂದೆ ಕ್ಷಾಮ ಬಾರದು.